ಜೋರಾಗಿ ಉಸಿರು ತಗೋ!

ಕಳೆದ ಭಾನುವಾರ ಬೆಳಿಗ್ಗೆ ನನ್ನ ಹೆಂಡತಿ ಗಿರಿಜೆಯ ಕೈಬೆರಳುಗಳು ಕೊಕ್ಕೆಯ ಹಾಗೆ ಸೆಟೆದುಕೊಂಡವು. ಕಾರಣ, ವಾಟ್ಸಾಪಿಗೆ ಬಂದ ಒಂದು ಫೋಟೋ.

ಸಂಡೂರು ರಸ್ತೆಯಲ್ಲಿ ಅದಿರಿನ ಲಾರಿಯೊಂದು ಮಗುಚಿ ಬಿದ್ದಿತ್ತು. ಗಿರಿಜೆಯ ತಮ್ಮ ಮಲ್ಲೇಶಿ ಅಂಥದೇ ಲಾರಿ ಓಡಿಸುತ್ತಾನೆ, ಅದೇ ರಸ್ತೆಯಲ್ಲಿ. (ಆ ಕೆಂಪು ಧೂಳು ಮೆತ್ತಿದ ಮೇಲೆ ಯಾವ ಲಾರಿ ಯಾರದೆಂದು ಹೇಳುವುದು ಹೇಗೆ?) ಫೋನ್ ಮಾಡಿದರೆ ಸ್ವಿಚ್ ಆಫ್. ಮೂರನೇ ಸಲವೂ ಅಷ್ಟೇ.

ಗಿರಿಜೆ ಕೂತಲ್ಲೇ ಏದುಸಿರು ಬಿಡತೊಡಗಿದಳು. "ಬಾಯಿ ಸುತ್ತ ಜುಮುಜುಮು ಅಂತೈತ್ರಿ" ಅಂದಳು. ಆಮೇಲೆ ಬೆರಳು ಸೆಟೆದವು. ನನ್ನ ಜೀವ ಬಾಯಿಗೆ ಬಂತು.

"ಜೋರಾಗಿ ಉಸಿರು ತಗೋ! ಇನ್ನೂ ಜೋರಾಗಿ!" ಎಂದು ಕೂಗಿದೆ.

ಅಕ್ಕಪಕ್ಕದವರು ಓಡಿ ಬಂದು ಅವರೂ ಅದನ್ನೇ ಕೂಗಿದರು. ಯಾರೋ ಮೂರ್ಛೆ ರೋಗವೆಂದು ಅವಳ ಅಂಗೈಗೆ ಬೀಗದ ಕೈ ತುರುಕಿದರು. ಪಾಪ, ಅವಳು ನಾವು ಹೇಳಿದಂತೆಯೇ ಮಾಡಿದಳು. ಬೆರಳು ಇನ್ನಷ್ಟು ಬಿಗಿದವು.

ಅಷ್ಟರಲ್ಲಿ ಎದುರು ಮನೆಯ ರೇಣುಕಾ ಬಂದಳು. ಪಾಪಿನಾಯಕನಹಳ್ಳಿಯವಳು, ಇಲ್ಲೇ ಆಸ್ಪತ್ರೆಯಲ್ಲಿ ನರ್ಸ್. ನಾಡಿ ಹಿಡಿದು, "ಎದಿ ನೋವೈತೇನ್ರಿ ಅಕ್ಕಾ?" ಎಂದು ಕೇಳಿದಳು. ಗಿರಿಜೆ ಇಲ್ಲವೆಂದು ತಲೆಯಾಡಿಸಿದಳು.

"ಸರ್, ನೀವು ಸುಮ್ನಿರ್ರಿ. ಉಳಿದೋರು ಹೊರಗ ನಡೀರಿ. ಅಕ್ಕಾ, ನನ್ನ ಮಾರಿ ನೋಡ್ರಿ. ಮೆಲ್ಲಕ ತಗೋರಿ... ಇನ್ನೂ ಮೆಲ್ಲಕ ಬಿಡ್ರಿ."

ಹತ್ತು ನಿಮಿಷದಲ್ಲಿ ಬೆರಳು ಸಡಿಲವಾದವು.

"ಗಾಬರೀಲಿ ಭಾಳ ಉಸಿರಾಡಿದ್ರ ಕಾರ್ಬನ್ ಡೈಆಕ್ಸೈಡ್ ಹೊರಗ ಹೋಗಿಬಿಡ್ತೈತ್ರಿ" ಎಂದ ರೇಣುಕಾ, ನನ್ನ ಕಡೆ ತಿರುಗಿ ಮೆಲ್ಲಗೆ ಸೇರಿಸಿದಳು: "ಪಿಯುಸಿಯಾಗ ನೀವ ಕಲಿಸಿದ್ರಲ್ರಿ ಸರ್."

ಹೌದು, ನಾನು ಕೆಮಿಸ್ಟ್ರಿ ಮೇಷ್ಟ್ರು. ಇಪ್ಪತ್ತು ವರ್ಷದಿಂದ ರಾಸಾಯನಿಕ ಸಮತೋಲನದ ಪಾಠ ಮಾಡುತ್ತಿದ್ದೇನೆ. ರಕ್ತದಲ್ಲಿ ಈ ಅನಿಲ ನೀರಿನೊಂದಿಗೆ ಸೇರಿ ಆಮ್ಲವಾಗುತ್ತದೆ, ಆಮ್ಲ ಒಡೆದು ಮತ್ತೆ ಅನಿಲವಾಗುತ್ತದೆ. ಎರಡೂ ಒಂದೇ ವೇಗದಲ್ಲಿ. ಅನಿಲವನ್ನು ಹೊರಹಾಕುತ್ತಲೇ ಇದ್ದರೆ? ಆ ಕೊರತೆ ತುಂಬಲು ಕ್ರಿಯೆ ಅನಿಲದ ಕಡೆಗೇ ವಾಲುತ್ತದೆ, ರಕ್ತದಲ್ಲಿ ಆಮ್ಲ ಕಡಿಮೆಯಾಗುತ್ತದೆ, ನರಗಳು ಕೆರಳಿ ಬೆರಳು ಸೆಟೆಯುತ್ತವೆ. ಪರೀಕ್ಷೆಯಲ್ಲಿ ಇದನ್ನು ತಪ್ಪು ಬರೆದವರಿಗೆ ಸೊನ್ನೆ ಸುತ್ತಿದ್ದೇನೆ. ನನ್ನ ಮನೆಯಲ್ಲೇ ಅದು ನಡೆದಾಗ ಒಂದಕ್ಷರವೂ ನೆನಪಾಗಲಿಲ್ಲ. ನಾಚಿಕೆಯಾಯಿತು.

ಮಧ್ಯಾಹ್ನ ಮಲ್ಲೇಶಿಯೇ ಫೋನ್ ಮಾಡಿದ. "ಕಂಪ್ಲಿಯಾಗ ಅದೀನಿ ಭಾವ. ಚಾರ್ಜ್ ಇರಲಿಲ್ಲ. ಯಾಕ್ರಿ, ಏನಾತು?" ನನಗೆ ಅಳು ಬಂತು. ಸುಳ್ಳು ಯಾಕೆ ಹೇಳಲಿ?

ಸಂಜೆ ಗಿರಿಜೆ ಕೇಳಿದಳು, "ಅಷ್ಟ್ಯಾಕ ಒದರಿದ್ರಿ?"

"ನಿನ್ನ ಸಲುವಾಗಿ."

"ಊಹೂಂ. ನಿಮಗ ಅಂಜಿಕಿ ಆಗಿತ್ತು."

ಕಂಗಾಲಾದವರ ಮುಂದೆ ನಿಂತು ನಾವು ಕೂಗುವ ಬುದ್ಧಿಮಾತಿನಲ್ಲಿ, ನಿಜಕ್ಕೂ ಅವರಿಗೆಂದು ಇರುವುದೆಷ್ಟು?