ಅವರು ಯಾರ ಹೆಂಡತಿಯರು?

“ಓದು ನಮ್ಮ ವಂಶಕ್ಕೆ ಅಂಟಲ್ಲ ಕಣವ್ವಾ, ನಿನ್ ಕೈಲಾಗಲ್ಲ” ಎಂದವಳು ಹೊರಗಿನವಳಲ್ಲ, ನನ್ನ ಹೆತ್ತಮ್ಮ. ಅಮೆರಿಕದ ನಾರ್ತ್‌ವಿಲ್ಲಿನ ನಮ್ಮ ಮನೆಯಲ್ಲಿ ಆರು ತಿಂಗಳಿದ್ದು ನಾಳೆ ಊರಿಗೆ ಹೊರಟಿದ್ದಾಳೆ. ಸೀರೆಯ ಮಡಿಕೆಗಳ ನಡುವೆ ಲವಂಗ ಉದುರಿಸುತ್ತಾ ಸೂಟ್‌ಕೇಸ್ ತುಂಬುತ್ತಿದ್ದಾಳೆ, ನುಸಿ ಹಿಡಿಯಬಾರದಂತೆ. ಆ ಘಮ ಮೂಗಿಗೆ ಬಡಿದದ್ದೇ, ಸುಗಂಧದ್ರವ್ಯ ಹಿಡಿದು ಯೇಸುವಿನ ಸಮಾಧಿಯ ಕಡೆ ನಡೆದ ಹೆಂಗಸರು ನೆನಪಾದರು.

ಲವಂಗಕ್ಕೂ ಸಮಾಧಿಗೂ ಏನು ನಂಟು ಅನ್ನುತ್ತೀರಾ? ಹೇಳುತ್ತೇನೆ, ಸ್ವಲ್ಪ ಸುತ್ತಿ ಬರಬೇಕು.

ನಮ್ಮ ಕಡೆ ಯಾರೂ ಹೈಸ್ಕೂಲು ದಾಟಿದವರಲ್ಲ. ನಾನು ಹಗಲು ಡೇಕೇರಿನಲ್ಲಿ ಯಾರ ಯಾರದೋ ಮಕ್ಕಳ ಮೂಗು ಒರೆಸಿ, ಸಂಜೆ ಕಾಲೇಜಿಗೆ ಡ್ರೈವ್ ಮಾಡಿ, ವರ್ಷಗಟ್ಟಲೆ ಒಂದೊಂದೇ ಕೋರ್ಸು ಮುಗಿಸಿದವಳು. ಕೊನೆಗೆ ಒಂದು ಉಳಿಯಿತು. ನನ್ನ ಹೊತ್ತಿಗೆ ಹೊಂದಿದ ಕ್ಲಾಸು ಯೇಸುವಿನ ಬದುಕನ್ನು ಹೇಳುವ ಕ್ರೈಸ್ತರ ಸುವಾರ್ತೆಗಳದ್ದು. ಮಂಡ್ಯ ಕಡೆಯ ಮಾರಮ್ಮನ ಒಕ್ಕಲಿನವಳಿಗೆ ಸುವಾರ್ತೆ! ಆದರೆ ಅದು ಪಾಸಾಗದೆ ಡಿಗ್ರಿ ಇಲ್ಲ.

ಯೇಸುವಿನ ಜೊತೆ ಊರೂರು ತಿರುಗಿದವರ ಬಗ್ಗೆ ಬರೆಯಬೇಕಿತ್ತು. ಶಿಷ್ಯರ ಹೆಂಡತಿಯರೂ ಅಡುಗೆಗೆಂದು ಹಿಂದೆಯೇ ಹೋಗುತ್ತಿದ್ದರು ಎಂದು ಧೈರ್ಯವಾಗಿ ಬರೆದುಬಿಟ್ಟೆ. ನಮ್ಮ ಕನ್ನಡ ಸಂಘದ ಪಿಕ್ನಿಕ್ಕಿನಲ್ಲಿ ನಾನು ಕಂಡದ್ದೂ ಅದೇ ತಾನೆ? ಗಂಡಸರ ಕೈಯಲ್ಲಿ ಮೈಕು, ಅವರ ಮನೆಯವರ ಕೈಯಲ್ಲಿ ಬಿಸಿಬೇಳೆಬಾತಿನ ಟ್ರೇ.

ಪ್ರೊಫೆಸರಮ್ಮ ಪೇಪರನ್ನು ವಾಪಸ್ಸು ಕೊಟ್ಟರು. “ಯಾರ ಹೆಂಡತಿಯರು? ಎಲ್ಲಿದೆ, ತೋರಿಸಿ. ಇನ್ನೊಮ್ಮೆ ಬರೆಯದಿದ್ದರೆ ಪಾಸು ಮಾಡಲಾರೆ.”

ಹುಡುಕಿದೆ. ಮಗ್ದಲದ ಮರಿಯಳಿಗೆ ಊರಿನ ಹೆಸರಿದೆ, ಗಂಡನ ಹೆಸರಿಲ್ಲ. ಸುಸನ್ನಳಿಗೆ ಬರೀ ಅವಳ ಹೆಸರು. ಗಂಡನ ಮಾತು ಬರುವುದು ಯೋಹಾನಳಿಗೆ; ಅವನೋ ಶಿಷ್ಯನಲ್ಲ, ಅರಸ ಹೆರೋದನ ಆಸ್ತಿಪಾಸ್ತಿ ನೋಡಿಕೊಳ್ಳುವ ಅಧಿಕಾರಿ. ಇವರೆಲ್ಲ ತಮ್ಮ ಸ್ವತ್ತಿನಿಂದಲೇ ಆ ಗುಂಪನ್ನು ನೋಡಿಕೊಳ್ಳುತ್ತಿದ್ದರಂತೆ.

ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದ ಅಮ್ಮನಿಗೆ ಹೇಳಿದೆ.

“ಗಂಡ ಅರಮನೇಲಿ, ಇವ್ಳು ಬೀದೀಲಾ? ಅವ್ನು ಸುಮ್ಕಿದ್ನಾ?”

“ಬರ್ದಿಲ್ಲಮ್ಮ.”

“ಹೊಸ್ಲು ಹೆಂಗ್ ದಾಟುದ್ಲು?”

“ಅದೂ ಬರ್ದಿಲ್ಲ.”

“ಬೇಕಾದ್ದೇ ಬರ್ದಿಲ್ವಲ್ಲವ್ವಾ! ಬರ್ದೋನು ಗಂಡ್ಸೇ ಇರ್ಬೇಕು.”

ನನಗೂ ಅದೇ ಕುತೂಹಲ ಹತ್ತಿಕೊಂಡಿತು. ಯೋಹಾನ ಎಂಬಾಕೆ ಹೊರಟ ದಿನ ಮನೆಯಲ್ಲಿ ಏನೆಂದಿರಬಹುದು? ದಾರಿಯಲ್ಲಿ ಎಲ್ಲಿ ಮಲಗುತ್ತಿದ್ದಳು? ಉತ್ತರವಿಲ್ಲದ ಈ ಪ್ರಶ್ನೆಗಳನ್ನೇ ಪೇಪರಿನಲ್ಲಿ ಬರೆದೆ.

ಇನ್ನೊಂದು ಸಂಜೆ, ಅಮ್ಮ ಮತ್ತೆ ಸೊಪ್ಪು ಹಿಡಿದು ಕೂತಾಗ, ಸಮಾಧಿಯ ಕಥೆ ಹೇಳಿದೆ. ಬೆಳಕು ಹರಿಯುವ ಹೊತ್ತಿಗೆ ಈ ಹೆಂಗಸರು ಯೇಸುವಿನ ಶವಕ್ಕೆ ಹಚ್ಚಲು ಸುಗಂಧದ್ರವ್ಯ ಹಿಡಿದು ಹೋದರು, ಸಮಾಧಿ ಬರಿದಾದದ್ದನ್ನು ಕಂಡರು, ಯೇಸು ಎದ್ದಿದ್ದಾನೆಂದು ಬಂದು ಹೇಳಿದರು. ಶಿಷ್ಯರಿಗೆ ಅದು ಬರೀ ಹರಟೆ ಅನ್ನಿಸಿತು.

“ಕಣ್ಣಾರೆ ಕಂಡ್ ಬಂದೋರ್ನ ನಂಬ್ನಿಲ್ವಾ?” ಅಮ್ಮನಿಗೆ ಸಿಟ್ಟೇ ಬಂತು. “ಜೊತೇಲೇ ಇದ್ದೋರಲ್ವಾ ಅವ್ರು!”

“ಹೆತ್ತೋಳು ನೀನೂ ನಂಬ್ಲಿಲ್ವಲ್ಲಮ್ಮಾ. ನನ್ ಕೈಲಾಗಲ್ಲ ಅಂದೆ.”

ಅಮ್ಮ ಸೊಪ್ಪು ಬಿಡಿಸುತ್ತಲೇ ಇದ್ದಳು. ಈಗ ಎಲೆ ಕಸಕ್ಕೆ, ಕಡ್ಡಿ ಪಾತ್ರೆಗೆ.

ಪೇಪರು ಪಾಸಾಯಿತು. ಪದವಿ ಸಮಾರಂಭದ ದಿನ ಸ್ಟೇಜಿನ ಮೇಲೆ ಕೊಟ್ಟದ್ದು ಖಾಲಿ ಫೋಲ್ಡರು. ಇಲ್ಲಿನ ಪದ್ಧತಿಯೇ ಹಾಗೆ, ನಿಜವಾದ ಸರ್ಟಿಫಿಕೇಟು ಆಮೇಲೆ ಅಂಚೆಯಲ್ಲಿ ಬರುತ್ತದೆ. ಇವತ್ತು ಬಂತು. ಈಗಷ್ಟೇ ಒಯ್ದು ಸೂಟ್‌ಕೇಸಿನ ಮುಂದೆ ಕೂತ ಅಮ್ಮನಿಗೆ ಕೊಟ್ಟೆ. ಸೆರಗಿಗೆ ಕೈ ಒರೆಸಿಕೊಂಡು ಹಿಡಿದಳು.

“ನಿನ್ನೆಸ್ರು ಎಲ್ಲೈತೆ?”

ತೋರಿಸಿದೆ.

“ಇಂಥೋರ ಹೆಂಡ್ತಿ ಅಂತ?”

“ಇಲ್ಲಮ್ಮ. ನನ್ನ ಹೆಸ್ರು ಅಷ್ಟೇ.”

ಲವಂಗ ಘಮಿಸುವ ಬೆರಳನ್ನು ಆ ಅಕ್ಷರಗಳ ಮೇಲೆ ನಿಧಾನವಾಗಿ ಆಡಿಸಿದಳು.

“ಊರಿಗೋಗಿ ಎಲ್ರುಗೂ ಹೇಳ್ತೀನಿ, ನಾನೇ ನೋಡ್ದೆ ಅಂತ. ನಂಬ್ದಿದ್ರೆ ಬಿಡ್ಲಿ.”