ದೀಪದ ತಂತಿಯ ಬೆಸುಗೆ

ಆಗ ನಮ್ಮ ಸಿಂಧನೂರು ಸೀಮೆಗೆ ಕಾಲುವೆ ನೀರು ಇನ್ನೂ ಹೊಸದು. ಜೋಳ ಬೆಳೆಯುತ್ತಿದ್ದ ಎರೆ ಹೊಲಗಳಲ್ಲಿ ಭತ್ತ ನಿಂತಿತ್ತು. ಸಂಜೆಯಾದರೆ ಹಸಿಮಣ್ಣಿನ ವಾಸನೆ ಅಡುಗೆಮನೆಯವರೆಗೂ ಬರುತ್ತಿತ್ತು. ಮಕ್ಕಳೆಲ್ಲ ಕುಂಟಾಬಿಲ್ಲೆ ಬಿಟ್ಟು ಕಾಗದದ ದೋಣಿ ಕಲಿತ ಕಾಲ ಅದು. ಎಲ್ಲರಿಗೂ ನೀರು ಬಂತೆಂಬ ಹಿಗ್ಗು. ನನಗೊಬ್ಬಳಿಗೆ ಅಂಜಿಕೆ, ಯಾಕೆಂದರೆ ನಮ್ಮಪ್ಪನ ನೌಕರಿ ಆ ನೀರಿನ ದಂಡೆಯ ಮೇಲೇ ಇತ್ತು.

ಅಪ್ಪ ಕಾಲುವೆಯ ತೂಬುಗಳನ್ನು ನೋಡಿಕೊಳ್ಳುತ್ತಿದ್ದ. ದಿನಾ ಮಧ್ಯಾಹ್ನ ನಾಲ್ಕು ಗಂಟೆಗೆ ಹಳೆಯ ಫಟಫಟಿ ಹತ್ತಿ ದಢೇಸುಗೂರಿನ ಕಡೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದ. ಯಾರೋ ಸಾಹೇಬರು ವರ್ಗವಾಗಿ ಹೋಗುವಾಗ ಬಿಟ್ಟುಹೋದ ಗಾಡಿ. ಅದರ ತಂತಿಗಳೆಲ್ಲ ಮುದಿಯಾಗಿದ್ದವು. ನನ್ನನ್ನು ಮುಂದೆ ಕೂರಿಸಿಕೊಂಡು ಮಸ್ಕಿ ಸಂತೆಗೆ ಹೋದಾಗಲೆಲ್ಲ ಅಪ್ಪನಿಗೂ ಅಲ್ಲಿ ಗಾಡಿ ರಿಪೇರಿ ಮಾಡುವ ಹುಸೇನಪ್ಪ ಮಿಸ್ತ್ರಿಗೂ ಅದರ ಮೇಲೇ ಜಗಳ.

“ಬೆಸುಗಿ ಹಾಕಿಬಿಡ್ತೀನ್ರೀ. ಈ ಸಿಕ್ಕಿಸೋ ಪ್ಲಗ್ಗು ಕುಲುಕಾಟಕ್ಕ ಸಡ್ಲಾಗ್ತಾವ,” ಎಂದು ಮಿಸ್ತ್ರಿ ಕಾದ ಸಲಾಕೆ ಎತ್ತುತ್ತಿದ್ದ. ರಾಳ ಸುಟ್ಟ ಹೊಗೆ ಏಳುತ್ತಿತ್ತು. ನನಗೆ ಆ ವಾಸನೆ ಊದುಬತ್ತಿಗಿಂತ ಇಷ್ಟ.

“ಬ್ಯಾಡೋ ಮಾರಾಯಾ. ಬೆಸುಗಿ ಹಾಕಿದ್ರ ತಂತಿ ಸೆಟದು ಅದರ ಮಗ್ಗಲಾಗ ಮುರೀತೈತಿ. ದಂಡಿಮ್ಯಾಲ ಕೆಟ್ಟು ನಿಂತ್ರ ನಿನ್ನ ಸಲಾಕಿ ಎಲ್ಲಿ ಹುಡುಕ್ಲಿ? ಪ್ಲಗ್ ಆದ್ರ ಕೈಲೆ ಬಿಚ್ಚಬೌದು, ಕೈಲೆ ಹಾಕಬೌದು.”

ಅದನ್ನು ನನಗೂ ಕಲಿಸಿದ್ದ. ಹ್ಯಾಂಡಲ್ ಕೆಳಗಿನ ಪ್ಲಗ್ ಬಿಚ್ಚಿದರೆ ಮುಂದಿನ ದೀಪ ಹತ್ತುವುದಿಲ್ಲ. ಬಿಚ್ಚಿದ ಪ್ಲಗ್ಗಿಗೆ ಧೂಳು ಸೇರದಂತೆ ಬಟ್ಟೆ ಸುತ್ತಬೇಕು.

ಆ ವರ್ಷ ಭತ್ತದ ತೆನೆ ಹಾಲು ತುಂಬುವ ಹೊತ್ತಿನಲ್ಲಿ ಚಕ್ಕಡಿಯೊಂದು ಕಾಲುವೆಗೆ ಬಿತ್ತು. ಒಂದು ಎತ್ತು ಮೇಲೆ ಬರಲೇ ಇಲ್ಲ. ಊಟಕ್ಕೆ ಕೂತಾಗ ಅಪ್ಪ ಅದನ್ನು ಹೇಳಿದ, ಮಜ್ಜಿಗೆ ಕುಡಿದು ಮಲಗಿದ. ನನಗೆ ನಿದ್ದೆ ಹತ್ತಲಿಲ್ಲ.

ಮರುದಿನ ಮಧ್ಯಾಹ್ನ ಯಾರಿಗೂ ಕಾಣದಂತೆ ದೀಪದ ಪ್ಲಗ್ ಕಿತ್ತುಬಿಟ್ಟೆ. ದೀಪವಿಲ್ಲದ ಗಾಡಿ ತೆಗೆದುಕೊಂಡು ಅಪ್ಪ ಹೋಗುವುದಿಲ್ಲ ಎಂಬುದು ನನ್ನ ಲೆಕ್ಕ. ಕಲಿಸಿದ ಪಾಠ ಮರೆಯದೆ, ನನ್ನ ಕೆಂಪು ರಿಬ್ಬನ್ನಿನ ತುಂಡು ಹರಿದು ಅದಕ್ಕೆ ಸುತ್ತಿದೆ. ಎಂಥ ಶಾಣ್ಯಾ ಹುಡುಗಿ! ನಾಲ್ಕು ಗಂಟೆಯ ಸುಡುಬಿಸಿಲಿನಲ್ಲಿ ಯಾರು ದೀಪ ಹಚ್ಚಿ ನೋಡುತ್ತಾರೆ? ಅಪ್ಪ ಎಂದಿನಂತೆ ಒದ್ದು ಚಾಲೂ ಮಾಡಿ ಹೊರಟೇಬಿಟ್ಟ. ಕೂಗಬೇಕೆಂದು ಬಾಗಿಲವರೆಗೆ ಓಡಿದೆ. ಬೈಸಿಕೊಳ್ಳುವ ಭಯಕ್ಕೆ ಬಾಗಿಲ ಹಿಂದೆಯೇ ನಿಂತುಬಿಟ್ಟೆ.

ಹೊತ್ತು ಮುಳುಗಿತು. ಅವ್ವ ರೊಟ್ಟಿ ಬಡಿಯುತ್ತಿದ್ದಳು, ಪುಂಡಿಪಲ್ಯದ ಘಮ ಹಬ್ಬಿತ್ತು. ನನಗೆ ತುತ್ತು ಇಳಿಯಲಿಲ್ಲ.

“ಯಾಕಬೇ, ಉಣವಲ್ಲಿ? ಮೈ ಬೆಚ್ಚಗಾಗೈತೇನು?”

“ಅಪ್ಪ ಯಾಕ ಇನ್ನಾ ಬಂದಿಲ್ಲಬೇ?”

“ಬರ್ತಾನ ತಗೋ. ಗಾಡಿಗೆ ದೀಪ ಐತಲ್ಲ.”

ಹೇಳಿದರೆ ಅವ್ವ ಎದೆ ಒಡೆದುಕೊಳ್ಳುತ್ತಾಳೆ, ಹೇಳದಿದ್ದರೆ ನನ್ನ ಎದೆ ಒಡೆಯುತ್ತದೆ. ಕಟ್ಟೆಯ ಮೇಲೆ ಕೂತು ಕತ್ತಲನ್ನೇ ನೋಡಿದೆ. ಕಣ್ಣು ಮುಚ್ಚಿದರೆ ಆ ಎತ್ತು.

ಕೊನೆಗೊಮ್ಮೆ ಫಟಫಟಿಯ ಸದ್ದು ಕೇಳಿತು, ಹಿಂದೆಯೇ ದೀಪ ಕಂಡಿತು. ದೀಪ ಹತ್ತಿತ್ತು! ಅಪ್ಪನ ಅಂಗಿಯೆಲ್ಲ ಕೆಸರು, ಮೊಣಕಾಲು ತರಚಿತ್ತು.

“ಏನಾತ್ರೀ?” ಅವ್ವ ಚೀರಿದಳು.

“ದೀಪ ಹತ್ತಲಿಲ್ಲ. ಕತ್ಲಾಗೂದ್ರಾಗ ಮುಟ್ಟೂಣು ಅಂತ ಬಂದೆ, ತೂಬಿನ ತಿರುವಿನ್ಯಾಗ ಮುಂದಿನ ಗಾಲಿ ದಂಡಿ ಬಿಟ್ಟು ಜಾರ್ತು. ಹೊಲದಾಗಿನ ಮಂದಿ ಹಿಡದು ಎಳದ್ರು. ಆಮ್ಯಾಲೆ ಕತ್ಲಾಗ ಕೈಯಾಡಿಸಿ ನೋಡಿದೆ. ಪ್ಲಗ್ ಸಡ್ಲಾಗಿತ್ತು.”

ಅವ್ವ ಬಿಸಿನೀರಿಗೆಂದು ಒಳಗೆ ಹೋದಳು. ಅಪ್ಪ ಜೇಬಿನಿಂದ ಕೆಸರಾದ ಕೆಂಪು ರಿಬ್ಬನ್ ತೆಗೆದು ನನ್ನ ಕೈಯಲ್ಲಿಟ್ಟ.

“ತೊಳಕೊಂಡು ಹಾಕ್ಕೋ,” ಎಂದ. ನಾನು ಬಿಕ್ಕಿಬಿಕ್ಕಿ ಅತ್ತೆ.

ಮುಂದಿನ ಸಂತೆಗೆ ಮಸ್ಕಿಗೆ ಹೋದಾಗ ಅಪ್ಪ ತಾನಾಗಿಯೇ ಹೇಳಿದ: “ದೀಪದ ತಂತಿಗೆ ಬೆಸುಗಿ ಹಾಕಪಾ. ಅದೊಂದಕ್ಕ ಸಾಕು.”

ಮಿಸ್ತ್ರಿಗೆ ಹಬ್ಬ. “ಸಡ್ಲಾತಿಲ್ಲೋ? ನಾ ಬಡಕೊಂಡ್ರ ಕೇಳಿದ್ರೇನು ನೀವು!”

“ಹೂಂನಪಾ. ನಿಂದೇ ಖರೇ ಆತು.”

ಕತ್ತಲಲ್ಲಿ ಪ್ಲಗ್ಗನ್ನು ಬರಿಗೈಯಿಂದ ಸಿಕ್ಕಿಸಲು ಬಂದದ್ದರಿಂದಲೇ ಅಪ್ಪ ಅಂದು ಮನೆ ಮುಟ್ಟಿದ್ದ. ಅವನ ಮಾತೇ ಖರೆಯಾಗಿತ್ತೆಂದು ಅಲ್ಲಿ ಗೊತ್ತಿದ್ದವರು ಇಬ್ಬರೇ, ಅವನು ಮತ್ತು ನಾನು. ಅಂದಿನಿಂದ ಅವನು ಮೂರಕ್ಕೇ ಹೊರಟು ಬೆಳಕಿರುವಾಗಲೇ ಮನೆಗೆ ಬರತೊಡಗಿದ.

ಎಷ್ಟೋ ವರ್ಷಗಳ ಮೇಲೆ ಆ ಗಾಡಿ ಮಾರುವಾಗ ಕೊಳ್ಳಲು ಬಂದವನು ಕೇಳಿದ: “ಎಲ್ಲಾ ಪ್ಲಗ್ ಅದಾವು, ಇದೊಂದಕ್ಕ ಯಾಕ್ರೀ ಬೆಸುಗಿ?”

“ಮನ್ಯಾಗ ಅಂಜೋರು ಒಬ್ರು ಇದ್ರಪಾ,” ಎಂದ ಅಪ್ಪ, ನನ್ನ ಕಡೆ ನೋಡದೆ.

ಈಗ ಅಪ್ಪನಿಲ್ಲ. ಹುಸೇನಪ್ಪ ಮಿಸ್ತ್ರಿಯ ಅಂಗಡಿಯೂ ಇಲ್ಲ. ಮನೆಯವರು ತಡವಾದರೆ ಫೋನು ಮಾಡುತ್ತಾರೆ; ನನ್ನ ಅಂಜಿಕೆಗೆ ನಗುತ್ತಾರೆ, ಸುಮ್ಮನಿರು ಎನ್ನುತ್ತಾರೆ. ಅದಕ್ಕಾಗಿ ಅಪ್ಪನಂತೆ ಗೆದ್ದ ಮಾತನ್ನು ಸೋತು ಕೊಡುವವರು ಯಾರೂ ಉಳಿದಿಲ್ಲ.