ಅಂಟಿಸಿದ ಎರಡು ಪುಟ

ಹೋದ ಬೇಸಿಗೆ ರಜೆಯಲ್ಲಿ ನೀನು ನನ್ನ ಪಕ್ಕ ಬಂದು ಕುಳಿತು, "ಅಜ್ಜಿ, ಓದೋಕೆ ಒಂದು ಒಳ್ಳೆ ಲವ್ ಸ್ಟೋರಿ ಹೇಳು. ಲೈಬ್ರರಿ ನೋಡ್ಕೊಂಡಿದ್ದೋಳಲ್ವಾ ನೀನು" ಅಂದೆ. ನಿನ್ನ ತಮ್ಮ ಆ ಕಡೆಯಿಂದಲೇ, "ನಂಗೆ ಬರೀ ಚಿತ್ರ ಇರೋದು. ಓದೋದು ಕಮ್ಮಿ ಇರ್ಬೇಕು" ಎಂದು ಕೂಗಿದ. ನಾನು ಹುರುಳಿ ಆರಿಸುತ್ತಿದ್ದೆ. ಕಲ್ಲು ಹುಡುಕುವ ನೆಪದಲ್ಲಿ ಮೊರದ ಮೇಲೆ ಇನ್ನಷ್ಟು ಬಗ್ಗಿದೆ. ನೀನು ಸ್ವಲ್ಪ ಹೊತ್ತು ಕಾದು, "ಹೋಗ್ಲಿ ಬಿಡೋ, ಅಜ್ಜಿಗೆ ನಾಚಿಕೆ" ಎಂದು ನಕ್ಕು ಎದ್ದು ಹೋದೆ.

ನಾಚಿಕೆಯೇ ನಿಜ. ಆದರೆ ನೀನು ಅಂದುಕೊಂಡಂಥ ನಾಚಿಕೆಯಲ್ಲ. ಬಾಯಲ್ಲಿ ಹೇಳಲು ಆಗದ್ದನ್ನು ಬರೆದಿಟ್ಟಿದ್ದೇನೆ. ಇಬ್ಬರೂ ಓದಿ.

ನಮ್ಮೂರಿನ ಪಂಚಾಯ್ತಿ ಗ್ರಂಥಾಲಯವನ್ನು ನಿಮ್ಮ ತಾತ ನೋಡಿಕೊಳ್ಳುತ್ತಿದ್ದರು. ಅಜ್ಜಂಪುರದ ಬಸ್ಸು ನಿಲ್ಲುವ ಜಾಗದಲ್ಲಿ, ಹಾಲಿನ ಡೈರಿಗೆ ಅಂಟಿಕೊಂಡ ಒಂದು ಕೋಣೆ. ಮೂರು ಬೀರು, ಒಂದು ಉದ್ದನೆಯ ಮೇಜು, ರಸ್ತೆಗೆ ತೆರೆದ ಒಂದು ಕಿಟಕಿ. ಅವರು ತೀರಿಕೊಂಡ ಮೇಲೆ ಪಂಚಾಯ್ತಿಯವರು ಬಂದು, "ಹೊಸಬರು ಬರೋ ತನಕ ಬಾಗ್ಲು ತೆಗ್ದು ಹಾಕಿ ಸಾಕು ಕಣಮ್ಮಾ" ಎಂದು ಬೀಗದ ಕೈ ನನ್ನ ಹತ್ತಿರವೇ ಬಿಟ್ಟರು. ನಾನು ಹಿರೇನಲ್ಲೂರಿನ ಕಡೆಯ ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿನ ತನಕ ಓದಿದವಳು. ಹೊಸಬರು ಬರಲು ವರ್ಷಗಳೇ ಹಿಡಿದವು. ಅಷ್ಟು ವರ್ಷವೂ ನಾನು ಅವರ ಕುರ್ಚಿಯಲ್ಲಿ ಒಂದು ದಿನವೂ ಕುಳಿತವಳಲ್ಲ. ಕಿಟಕಿ ಪಕ್ಕದ ಬೆಂಚಿನಲ್ಲೇ ಕೂರುತ್ತಿದ್ದೆ.

ಬೆಳಿಗ್ಗೆ ಗಂಡಸರು ಪೇಪರ್ ಓದಲು ಬರುತ್ತಿದ್ದರು. ಸಂಜೆ ಬಸ್ಸಿನಿಂದ ಹೈಸ್ಕೂಲು ಹುಡುಗಿಯರು ಇಳಿದು ಬರುತ್ತಿದ್ದರು. ಅವರಿಗೆ ಬೇಕಾದದ್ದು ಒಂದೇ, ಆದರೆ ಅದರ ಹೆಸರು ಹೇಳುತ್ತಿರಲಿಲ್ಲ.

"ಅಜ್ಜಿ, ಅದು ಕೊಡಿ."

"ಯಾವುದೇ?"

"ಅದೇ ಅಜ್ಜಿ."

ಪ್ರೀತಿಯ ಕಥೆ ಕೇಳಲು ಅವರಿಗೆ ನಾಚಿಕೆ, ಕೊಡಲು ನನಗೆ ನಾಚಿಕೆ. ನಾನು ಹೊಸದಾಗಿ ಈ ಮನೆಗೆ ಬಂದಾಗ ನಿಮ್ಮ ತಾತ ಧಾರಾವಾಹಿ ಬರುವ ವಾರಪತ್ರಿಕೆಯನ್ನು ಟವೆಲಿನಲ್ಲಿ ಸುತ್ತಿ ತಂದು, ಹಿಟ್ಟಿನ ಡಬ್ಬಿಯ ಮೇಲಿಟ್ಟು, ಏನೂ ಆಡದೆ ಕೈಕಾಲು ತೊಳೆಯಲು ಹೋಗುತ್ತಿದ್ದರು. ನಾನೂ ಏನೂ ಕೇಳುತ್ತಿರಲಿಲ್ಲ. ಅದು ನೆನಪಾಗಿ, ನಾನು ಓದಿ ಮೆಚ್ಚಿದ ಪುಸ್ತಕವನ್ನು ಕಿಟಕಿ ಕಟ್ಟೆಯ ಮೇಲೆ ಬೋರಲಾಗಿ ಇಡತೊಡಗಿದೆ. ಕಟ್ಟೆಯ ಮೇಲಿದ್ದರೆ ಅದು ಅಜ್ಜಿ ಆರಿಸಿದ್ದು ಎಂದು ಹುಡುಗಿಯರಿಗೆ ಬೇಗ ತಿಳಿಯಿತು. ಬಸ್ಸಿನಿಂದ ಇಳಿಯುವಾಗಲೇ ಕತ್ತು ಉದ್ದ ಮಾಡಿ ಕಿಟಕಿ ನೋಡುತ್ತಿದ್ದರು.

"ಅಜ್ಜಿ, ಇದ್ರಲ್ಲಿ ಕೊನೆಗೆ ಮದ್ವೆ ಆಗುತ್ತಾ?"

"ಓದಿ ನೋಡು."

"ಆಗಲ್ಲ ಅಂದ್ರೆ ನಾನು ಓದಲ್ಲಪ್ಪ."

"ಹಂಗಾದ್ರೆ ಮನೆಗೋಗಿ ಲಗ್ನಪತ್ರಿಕೆ ಓದ್ಕಳೇ" ಎಂದು ಪಕ್ಕದವಳು ಅವಳ ಜಡೆ ಎಳೆಯುವಳು. ನಾನು ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದೆ. ತಾತ ಹೋದ ಮೇಲೆ ನಾನು ನಕ್ಕದ್ದು ಆ ಕೋಣೆಯಲ್ಲೇ.

ಆ ಹುಡುಗಿಯರಲ್ಲಿ ಒಬ್ಬಳು ಎಲ್ಲರಿಗಿಂತ ಹೆಚ್ಚು ಓದುತ್ತಿದ್ದಳು. ಹತ್ತನೇ ಕ್ಲಾಸು. ಅವಳು ಚಿಕ್ಕವಳಿದ್ದಾಗಲೇ ತಾಯಿ ತೀರಿಹೋಗಿದ್ದಳು. ಮನೆಯಲ್ಲಿ ಅಪ್ಪ ಒಬ್ಬನೇ. ತೆಂಗಿನ ತೋಟ, ಕೊಬ್ಬರಿ ಎಂದು ದಿನವೆಲ್ಲ ಹೊರಗಿರುವವನು. ಮಾತು ಕಡಿಮೆ, ದನಿ ಮಾತ್ರ ಜೋರು. ಒಂದು ಸಲ ಕಡೂರಿನ ಒಬ್ಬ ನಿವೃತ್ತ ಮೇಷ್ಟ್ರು ಹುಡುಗರಿಗೆಂದು ಒಂದು ಪೆಟ್ಟಿಗೆ ಪುಸ್ತಕ ಕಳಿಸಿದರು. ಅದರಲ್ಲಿ ಕೆಲವು ಚಿತ್ರದಲ್ಲೇ ಕಥೆ ಹೇಳುವ ದಪ್ಪ ಪುಸ್ತಕಗಳಿದ್ದವು. ನಾನು ಅಂಥದ್ದನ್ನು ಕಂಡಿರಲಿಲ್ಲ. ಕಾಡುಪ್ರಾಣಿಗಳ ಕಥೆಯೊಂದನ್ನು ಮೇಲಿನಿಂದ ಕೆಳಕ್ಕೆ ಓದುತ್ತಾ ಹೋಗಿ, ನರಿ ಸತ್ತ ಮೇಲೆ ಮತ್ತೆ ಮಾತಾಡಿದ್ದು ಹೇಗೆಂದು ತಿಳಿಯದೆ ಕುಳಿತಿದ್ದೆ. ಆ ಹುಡುಗಿ ಬಂದು ನನ್ನ ಬೆರಳು ಹಿಡಿದು ಚೌಕದಿಂದ ಚೌಕಕ್ಕೆ ನಡೆಸಿದಳು. "ಮೊದ್ಲು ಅಡ್ಡಕ್ಕೆ ಹೋಗ್ಬೇಕು ಅಜ್ಜಿ, ಆಮೇಲೆ ಕೆಳಗೆ. ಬಾಯಿಂದ ಗುಳ್ಳೆ ಬಂದೈತಲ್ಲ, ಅದ್ರೊಳಗೆ ಇರೋದು ಅವ್ರ ಮಾತು." ಏಳನೇ ಕ್ಲಾಸಿಗೆ ನಿಂತ ನನ್ನ ಓದು ಅಲ್ಲಿಂದ ಒಂದು ಹೆಜ್ಜೆ ಮುಂದೆ ಹೋಯಿತು.

ಅದೇ ಪೆಟ್ಟಿಗೆಯಲ್ಲಿದ್ದ ಇನ್ನೊಂದು ಚಿತ್ರಪುಸ್ತಕವನ್ನು ಮನೆಗೆ ತಂದು ಓದಿದೆ. ಪೇಟೆಯ ಒಬ್ಬ ಹುಡುಗಿ, ಅವಳ ಜೊತೆ ಟ್ಯೂಷನ್ನಿಗೆ ಬರುವ ಒಬ್ಬ ಹುಡುಗ. ಪ್ರೀತಿ ಆಗುತ್ತದೆ. ಅವನು ಇಬ್ಬರ ಫೋಟೋ ತೆಗೆದುಕೊಳ್ಳುತ್ತಾನೆ. ಆಮೇಲೆ ಅವಳು ಬೇಡವೆಂದಾಗ, ಫೋಟೋ ನಿಮ್ಮಪ್ಪನಿಗೆ ಕಳಿಸುತ್ತೇನೆ ಎಂದು ಹೆದರಿಸುತ್ತಾನೆ. ಹುಡುಗಿ ಬಚ್ಚಲ ಬಾಗಿಲು ಹಾಕಿಕೊಂಡು ಅಳುತ್ತಾಳೆ. ಪುಟ ತಿರುಗಿಸಿದರೆ ಎಡಗಡೆ ಇಡೀ ಪುಟಕ್ಕೆ ಅವಳ ನೆನಪಿನ ಒಂದು ಚಿತ್ರ. ಆ ಹುಡುಗ ಅವಳ ಕೆನ್ನೆಗೆ ಮುತ್ತು ಕೊಡುತ್ತಿದ್ದಾನೆ. ಬಲಗಡೆ ಅವಳು ಅಂಗಳಕ್ಕೆ ಬಂದು, ಸೈಕಲ್ಲಿಗೆ ಗಾಳಿ ಹೊಡೆಯುತ್ತಿರುವ ಅಪ್ಪನಿಗೆ ಎಲ್ಲ ಹೇಳುತ್ತಾಳೆ. ಅಪ್ಪ ಪಂಪು ಕೆಳಗಿಟ್ಟು ಅವಳ ಪಕ್ಕ ನೆಲದ ಮೇಲೆ ಕೂರುತ್ತಾನೆ. ಮುಂದಿನ ಪುಟದಲ್ಲಿ ಅಪ್ಪ ಮಗಳು ಹೆಡ್‌ಮಾಸ್ಟರ ಕೋಣೆಯಲ್ಲಿದ್ದಾರೆ.

ಓದುವಾಗಲೇ ನನಗೆ ನಮ್ಮ ಹುಡುಗಿ ನೆನಪಾದಳು. ಕೆಲವು ವಾರಗಳಿಂದ ಅವಳು ಗೆಳತಿಯರ ಬಸ್ಸು ಬಿಟ್ಟು ಅದರ ನಂತರದ ಬಸ್ಸಿಗೆ ಬರುತ್ತಿದ್ದಳು. ಡೈರಿಯ ಮುಂದೆ ಒಬ್ಬ ಹುಡುಗ ಬೈಕು ನಿಲ್ಲಿಸಿಕೊಂಡಿರುತ್ತಿದ್ದ. ಮೊದಮೊದಲು ಅವನನ್ನು ಕಂಡರೆ ಅವಳ ಮುಖ ಅರಳುತ್ತಿತ್ತು. ಈಚೆಗೆ ಅವನ ಬೈಕಿನ ಸದ್ದು ಕೇಳಿದರೆ ಬೀರುವಿನ ಹಿಂದೆ ಸರಿದು ನಿಲ್ಲುತ್ತಿದ್ದಳು. ಏನಾಗಿದೆಯೇ ಎಂದು ಕೇಳಬೇಕಿತ್ತು. ಬಾಯಿ ಬರಲಿಲ್ಲ. ಕಿಟಕಿ ಕಟ್ಟೆಯ ಮೇಲೆ ಈ ಪುಸ್ತಕ ಇಡುತ್ತೇನೆ, ನಾನು ಕೇಳಲಾಗದ್ದನ್ನು ಪುಸ್ತಕ ಕೇಳಲಿ ಅಂದುಕೊಂಡೆ.

ಆದರೆ ಆ ಎಡಗಡೆಯ ಪುಟ. ಯಾರ ಮನೆಯವರಾದರೂ ಅದನ್ನು ತೆರೆದು ನೋಡಿದರೆ? ಗಂಡ ಸತ್ತವಳು ಹೆಣ್ಣುಮಕ್ಕಳಿಗೆ ಇಂಥದ್ದು ಕೊಡುತ್ತಾಳೆ ಎನ್ನುತ್ತಾರೆ, ಕೋಣೆಗೆ ಬೀಗ ಬೀಳುತ್ತದೆ, ನಿಮ್ಮ ತಾತನ ಹೆಸರು ಬೀದಿಗೆ ಬರುತ್ತದೆ. ಹರಿಯಲು ಮನಸ್ಸು ಬರಲಿಲ್ಲ. ಪುಸ್ತಕ ಹರಿದವರನ್ನು ನಿಮ್ಮ ತಾತ ಮಾತಾಡಿಸುತ್ತಲೇ ಇರಲಿಲ್ಲ. ಹಳೆಯ ಪುಸ್ತಕಗಳ ಬೆನ್ನಿಗೆ ಅವರು ಬಳಿಯುತ್ತಿದ್ದಂತೆ ಮೈದಾ ಕಾಯಿಸಿ ಅಂಟು ಮಾಡಿದೆ. ಆ ಪುಟವನ್ನೂ ಅದರ ಎದುರು ಪುಟವನ್ನೂ ಸೇರಿಸಿ ಅಂಟಿಸಿ, ಮೇಲೆ ರುಬ್ಬುಗುಂಡು ಹೇರಿ ಒಣಗಿಸಿದೆ. ಎರಡು ಪುಟ ಒಂದೇ ದಪ್ಪ ಹಾಳೆಯಾಯಿತು. ಮುತ್ತಿನ ಜೊತೆಗೆ ಇನ್ನೇನನ್ನು ಮುಚ್ಚುತ್ತಿದ್ದೇನೆಂದು ಯೋಚಿಸಲೇ ಇಲ್ಲ. ಕಥೆ ಹೇಗೂ ಮುಂದೆ ಸಾಗುತ್ತದಲ್ಲ ಅಂದುಕೊಂಡೆ.

ಮರುದಿನ ಅವಳು ಕಟ್ಟೆಯ ಮೇಲಿನಿಂದ ಅದನ್ನು ತೆಗೆದುಕೊಂಡು ಹೋದಳು. ಮೂರನೆಯ ದಿನ ಬಂದಳು. ಬೇರೆ ಯಾರೂ ಇರಲಿಲ್ಲ. ಬೆಂಚಿನಲ್ಲಿ ನನ್ನ ಪಕ್ಕವೇ ಕುಳಿತು ಪುಸ್ತಕ ತೆರೆದಳು.

"ಅಜ್ಜಿ, ಇಲ್ಲಿ ಬಚ್ಚಲಲ್ಲಿ ಅಳ್ತಾವ್ಳೆ. ಇಲ್ಲಿ ನೋಡಿದ್ರೆ ಅಪ್ಪನ ಜೊತೆ ಸ್ಕೂಲಲ್ಲವ್ಳೆ. ಮಧ್ಯದಲ್ಲಿ ಏನಾಯ್ತು?"

"ಹೇಳಿರ್ತಾಳೆ ಕಣೇ ಅವರಪ್ಪಂಗೆ."

"ಅದೇ ಅಜ್ಜಿ. ಹೆಂಗೆ ಹೇಳಿದ್ಲು? ಏನಂತ ಶುರು ಮಾಡಿದ್ಲು?"

ಅವಳ ಹೆಬ್ಬೆರಳು ಆ ದಪ್ಪ ಹಾಳೆಯ ಅಂಚನ್ನು ಸವರುತ್ತಿತ್ತು. ಅವಳು ನನ್ನ ಮುಖ ನೋಡುತ್ತಿದ್ದಳು, ನಾನು ರಸ್ತೆ ನೋಡುತ್ತಿದ್ದೆ. ಅಂಟಿಸಿದವಳು ನಾನೇ ಎನ್ನಬಹುದಿತ್ತು. ಅಪ್ಪ ಪಂಪು ಕೆಳಗಿಟ್ಟ ಎನ್ನಬಹುದಿತ್ತು. ಅವಳ ಕೈಯನ್ನಾದರೂ ಹಿಡಿಯಬಹುದಿತ್ತು.

"ಪ್ರಿಂಟು ಮಾಡೋರು ಬಿಟ್ಟಿರ್ಬೇಕು ಕಣೇ" ಅಂದೆ.

"ಹೂಂ" ಎಂದು ಅವಳು ಪುಸ್ತಕ ಮುಚ್ಚಿದಳು. "ಇನ್ನೊಂದೆರಡು ದಿನ ಇಟ್ಕಂತೀನಿ" ಅಂದಳು.

ಆಮೇಲೆ ಆ ಪುಸ್ತಕ ತಂದವನು ಅವಳ ಅಪ್ಪ. ಅಷ್ಟರಲ್ಲಿ ಊರಿಗೆಲ್ಲ ಗೊತ್ತಾಗಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಅವಳೂ ಆ ಬೈಕಿನ ಹುಡುಗನೂ ಜೊತೆಗೆ ನಿಂತ ಒಂದು ಫೋಟೋ, ಅಷ್ಟೇ. ಅದು ಕೊಬ್ಬರಿ ವ್ಯಾಪಾರದವರ ಫೋನುಗಳನ್ನೆಲ್ಲ ಸುತ್ತಿ ಅಪ್ಪನ ಕಣ್ಣಿಗೆ ಬಿದ್ದಿತ್ತು. ಪಬ್ಲಿಕ್ ಪರೀಕ್ಷೆಗೆ ಇನ್ನೇನು ಕೆಲವೇ ವಾರ ಇರುವಾಗ ಅಪ್ಪ ಅವಳನ್ನು ಶಾಲೆ ಬಿಡಿಸಿ ಲಿಂಗದಹಳ್ಳಿಯ ಸೋದರಮಾವನ ಮನೆಗೆ ಕಳಿಸಿಬಿಟ್ಟ.

ಅವನು ಒಳಗೆ ಬರಲಿಲ್ಲ. ಕಿಟಕಿಯ ಹೊರಗೇ ನಿಂತು ಪುಸ್ತಕವನ್ನು ಕಟ್ಟೆಯ ಮೇಲಿಟ್ಟ.

"ನಿಮ್ದಂತೆ ದೊಡ್ಡಮ್ಮಾ, ತಗಳ್ಳಿ."

ಬೈಯುತ್ತಾನೆಂದು ಕಾದೆ. ಅವನು ಬೈಯಲಿಲ್ಲ. ಸರಳು ಹಿಡಿದುಕೊಂಡು ನಿಂತೇ ಇದ್ದ. ಕಣ್ಣು ಕೆಂಪಾಗಿದ್ದವು.

"ಎರಡು ತಿಂಗಳಿಂದ ಹೆದರ್ಕಂಡು ಒದ್ದಾಡವ್ಳೆ ದೊಡ್ಡಮ್ಮಾ. ಒಂದೇ ಮನೇಲಿ ಉಂಡಿದೀವಿ, ನಂಗೆ ಗೊತ್ತಾಗ್ಲಿಲ್ಲ. ಇನ್ನೊಬ್ರ ಫೋನಲ್ಲಿ ನೋಡ್ದೆ ನೋಡಿ, ಅವತ್ತು ಮೈಮೇಲೆ ಜ್ಞಾನ ಇರ್ಲಿಲ್ಲ. ಅದಕ್ಕೆ ಮೊದ್ಲೇ ಒಂದು ಮಾತು ನಂಗೆ ಹೇಳಿದ್ರೆ ಆಗ್ತಿತ್ತು. ನಾನೇನು ಹುಲಿನಾ?"

ಅವನು ಕಣ್ಣೊರೆಸಿಕೊಂಡು ಹೋದ.

ಮರುದಿನ ಮಧ್ಯಾಹ್ನ ಪಾತ್ರೆಯಲ್ಲಿ ನೀರು ಕುದಿಸಿ, ಹಬೆಗೆ ಹಿಡಿದು ಆ ಪುಟಗಳನ್ನು ಬಿಡಿಸಲು ಕುಳಿತೆ. ನಿಮ್ಮ ತಾತನ ಅಂಟು ಗಟ್ಟಿ. ಮುತ್ತಿನ ಚಿತ್ರಕ್ಕೆ ಏನೂ ಆಗಲಿಲ್ಲ. ಎದುರಿನ ಪುಟ ಚಕ್ಕೆಚಕ್ಕೆಯಾಗಿ ಎದ್ದು ಅದಕ್ಕೇ ಮೆತ್ತಿಕೊಂಡಿತು. ಅಪ್ಪನ ಮಂಡಿ ಉಳಿಯಿತು, ಸೈಕಲ್ಲಿನ ಚಕ್ರ ಉಳಿಯಿತು. ಹುಡುಗಿಯ ಮುಖವೂ ಉಳಿಯಿತು, ಬಾಯಿ ತೆರೆದಿತ್ತು. ಬಾಯಿಂದ ಬಂದ ಗುಳ್ಳೆಯಲ್ಲಿ ಮಾತ್ರ ಬರೀ ಬಿಳಿ.

ಅವಳನ್ನು ನಾನು ಮತ್ತೆ ಕಂಡದ್ದು ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ, ಎರಡು ವರ್ಷದ ಮೇಲೆ. ಕಣ್ಣಿನ ಆಸ್ಪತ್ರೆಗೆಂದು ಹೋಗಿದ್ದೆ. ಅವಳು ಸೋದರಮಾವನ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಲಿಂಗದಹಳ್ಳಿ ಬಸ್ಸಿಗೆ ಕಾಯುತ್ತಿದ್ದಳು. ನಾನು ಕಂಬದ ಮರೆಗೆ ಸರಿಯುವ ಮೊದಲೇ ನೋಡಿಬಿಟ್ಟಳು.

"ಅಜ್ಜೀ! ಕಿಟಕಿ ಮೇಲೆ ಈಗ ಯಾವ್ದು ಐತೆ?"

ಲೈಬ್ರರಿಗೆ ಹೊಸಬರು ಬಂದಿದ್ದಾರೆ ಅಂದೆ. ಪರೀಕ್ಷೆ ಕಟ್ಟಿದೆಯಾ ಎಂದು ಕೇಳಿದೆ. "ಎಲ್ಲಿ ಅಜ್ಜಿ, ಇವನು ಬಿಡಬೇಕಲ್ಲ" ಎಂದು ಮಗುವಿನ ಮೂಗು ಒರೆಸಿದಳು. ಅಪ್ಪ ಬರುತ್ತಾನಂತೆ. ಬಂದರೆ ಇಬ್ಬರೂ ಮಗುವನ್ನೇ ಆಡಿಸುತ್ತಾ ಕೂರುತ್ತಾರಂತೆ.

ಆಗ ಹೇಳಿದೆ. ಎಲ್ಲಿಂದ ಬಂತೋ ಆ ಧೈರ್ಯ. "ಆ ಪುಟ ಅಂಟಿಸಿದೋಳು ನಾನೇ ಕಣೇ ಮಗಾ. ಪ್ರಿಂಟಿನೋರಲ್ಲ."

"ಯಾಕಜ್ಜಿ?"

"ಅದ್ರಲ್ಲಿ ಮುತ್ತು ಕೊಡೋ ಚಿತ್ರ ಇತ್ತು."

ಅವಳಿಗೆ ನಗು ಬಂತು. ಮಗುವೂ ನಕ್ಕಿತು. ಆಮೇಲೆ ಅವಳ ನಗು ನಿಧಾನವಾಗಿ ಇಳಿಯಿತು.

"ಎದುರು ಪುಟದಲ್ಲಿ ಅವಳು ಅಪ್ಪಂಗೆ ಹೇಳೋದಿತ್ತಾ?"

"ಇತ್ತು."

"ಏನಂತ ಹೇಳಿದ್ಲು?"

ಪುಟ ಹಾಳಾಗಿದ್ದರೂ ಆ ಮಾತು ನನಗೆ ಮರೆತಿರಲಿಲ್ಲ. "ಅಪ್ಪಾ, ನಂಗೆ ಭಯ ಆಗ್ತಿದೆ, ಸ್ವಲ್ಪ ಕೂತ್ಕೊಂಡು ಕೇಳು ಅಂದ್ಲು."

"ಅಷ್ಟೇನಾ?"

"ಅಷ್ಟೇ ಕಣೇ."

ಲಿಂಗದಹಳ್ಳಿ ಬಸ್ಸು ಬಂತು. ಅವಳು ಮಗುವನ್ನು ಸರಿಮಾಡಿಕೊಂಡು ಮೆಟ್ಟಿಲು ಹತ್ತಿದಳು. ಒಂದು ಕಾಲು ಮೇಲೆ, ಒಂದು ಕೆಳಗೆ ಇಟ್ಟು ತಿರುಗಿ, "ಅಷ್ಟೇನಾ ಅಜ್ಜಿ?" ಎಂದು ಇನ್ನೊಮ್ಮೆ ಕೇಳಿದಳು. ಹಿಂದಿದ್ದವರು ತಳ್ಳಿದರು. ನಾನು ಉತ್ತರ ಕೊಟ್ಟದ್ದು ಅವಳಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ.

ಹಾಳಾದ ಪುಸ್ತಕವೆಂದು ಹೊಸಬರು ಅದನ್ನು ತೆಗೆದುಹಾಕಿದಾಗ ಮನೆಗೆ ತಂದುಕೊಂಡೆ. ಆ ಬಿಳಿ ಗುಳ್ಳೆಯೊಳಗೆ ಚಿತ್ರದ ಹುಡುಗಿಯ ಮಾತನ್ನು ಪೆನ್ನಿನಲ್ಲಿ ಬರೆದಿದ್ದೇನೆ. ಅಕ್ಷರ ಗುಳ್ಳೆಯಿಂದ ಆಚೆ ಹೋಗಿದೆ. ನೀನು ಕೇಳಿದ ಪ್ರೀತಿಯ ಕಥೆಯೂ ಅದೇ, ನಿನ್ನ ತಮ್ಮ ಕೇಳಿದ ಚಿತ್ರದ ಪುಸ್ತಕವೂ ಅದೇ. ನಡುಮನೆಯ ಕಿಟಕಿ ಕಟ್ಟೆಯ ಮೇಲೆ ಇಟ್ಟಿದ್ದೇನೆ. ಈ ಸಲ ಬೋರಲಾಗಿ ಇಟ್ಟಿಲ್ಲ. ಓದಿ ಏನಾದರೂ ಕೇಳಬೇಕೆನಿಸಿದರೆ ನಾನು ಹುರುಳಿ ಆರಿಸುತ್ತಿದ್ದರೂ ಕೇಳಿ. ಮೊರ ಕೆಳಗಿಡುತ್ತೇನೆ.